ಕಪಾಟಿನಲ್ಲಿರುವ ಏಳು ಪುಸ್ತಕಗಳನ್ನು ಏನು ಮಾಡಲಿ?

ಬೆಳಗಿನ ಓದು:
ನನ್ನ ಕಪಾಟಿನಲ್ಲಿ ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕಗಳಿವೆ. ಎರಡನೆಯದರ ಬೆನ್ನು ಕಿತ್ತಿದೆ, ಐದನೆಯದು ಮಳೆಯಲ್ಲಿ ನೆನೆದು ಉಬ್ಬಿಕೊಂಡಿದೆ. ಅಷ್ಟು ಓದಿದ್ದೇನೆ. ಅಕ್ಕನ ಮಗಳಿಗೆ ಈಗ ಹನ್ನೊಂದು ವರ್ಷ. ಕೊಡು ಎಂದು ಒಂದೇ ಹಟ. ಕೊಡಲು ಕೈ ಬರುತ್ತಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹುಟ್ಟಿನ ಲಿಂಗ ಬದಲಾಗದು ಎಂಬ ನಿಲುವಿನ ಟ್ವೀಟ್‌ಗಳನ್ನು ಬರೆದ ಮೇಲೆ ಮಾಯಾ ಫೋರ್ಸ್ಟೇಟರ್ ಎಂಬ ಬ್ರಿಟಿಷ್ ಮಹಿಳೆಯ ಕೆಲಸದ ಒಪ್ಪಂದ ನವೀಕರಣಗೊಳ್ಳಲಿಲ್ಲ. 2019ರ ಡಿಸೆಂಬರ್‌ನಲ್ಲಿ ರೌಲಿಂಗ್ ಆಕೆಯ ಪರ ನಿಂತರು. 2020ರ ಜೂನ್‌ನಲ್ಲಿ ಮಹಿಳೆಯರು ಎನ್ನದೆ ಬಳಸಿದ ‘ಮುಟ್ಟಾಗುವ ಜನರು’ ಎಂಬ ಪದಪ್ರಯೋಗವನ್ನು ಲೇವಡಿ ಮಾಡಿ, ಕೆಲವೇ ದಿನಗಳಲ್ಲಿ ತಮ್ಮ ಜಾಲತಾಣದಲ್ಲಿ ಉದ್ದದ ಲೇಖನ ಬರೆದರು. ಅಲ್ಲಿಂದ ಮಾತು ಗಡುಸಾಗುತ್ತಲೇ ಬಂತು. 2024ರ ಏಪ್ರಿಲ್ ಹೊತ್ತಿಗೆ ಟ್ರಾನ್ಸ್ ಮಹಿಳೆಯರನ್ನು (ಹುಟ್ಟಿದಾಗ ಗಂಡೆಂದು ಗುರುತಿಸಲಾಗಿದ್ದರೂ ಮಹಿಳೆಯರಾಗಿ ಬದುಕುವವರನ್ನು) ಹೆಸರು ಹಿಡಿದು ಗಂಡಸರೆಂದು ಕರೆದು, ಸ್ಕಾಟ್ಲೆಂಡಿನ ಹೊಸ ದ್ವೇಷಾಪರಾಧ ಕಾಯ್ದೆಯಡಿ ಇದು ಅಪರಾಧವಾದರೆ ನನ್ನನ್ನು ಬಂಧಿಸಿ ಎಂದು ಸವಾಲು ಹಾಕಿದರು.

ಕೃತಿ ಬೇರೆ, ಕರ್ತೃ ಬೇರೆ ಎಂದುಕೊಂಡು ಪುಸ್ತಕ ಕೊಟ್ಟುಬಿಡಲೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸಾಲುಮರ:
ಕೊಡಿ. ನದಿಮೂಲ, ಋಷಿಮೂಲ ಕೇಳಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ‘ಲೇಖಕನ ಸಾವು’ ಬರೆದು ಇದೇ ಮಾತನ್ನು ಬೇರೆ ದಾರಿಯಲ್ಲಿ ಹೇಳಿದ: ಬರಹದ ಅರ್ಥ ಕೂಡಿಬರುವುದು ಓದುವವರಲ್ಲಿ, ಬರೆದವರಲ್ಲಿ ಅಲ್ಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೆಳೆದ, ಮನೆಯವರಿಗೆ ಬೇಡವಾದ ಹುಡುಗನೊಬ್ಬ ತನ್ನಂಥವರು ಇನ್ನೂ ಇದ್ದಾರೆ ಎಂದು ಕಂಡುಕೊಳ್ಳುವ ಕಥೆ ಅದು. ಲೇಖಕಿಗೆ ಏನನ್ನಿಸುತ್ತದೆ ಎಂಬುದನ್ನು ಅದು ಕೇಳಿಕೊಂಡು ಕೂತಿಲ್ಲ. ಹ್ಯಾರಿಯ ಪಾತ್ರ ಮಾಡಿದ ಡೇನಿಯಲ್ ರ್‍ಯಾಡ್‌ಕ್ಲಿಫ್ 2020ರ ಜೂನ್‌ನಲ್ಲಿ ಟ್ರಾನ್ಸ್ ಮಹಿಳೆಯರು ಮಹಿಳೆಯರೇ ಎಂದು ಸ್ಪಷ್ಟವಾಗಿ ಬರೆದರು. ಅದೇ ಬರಹದಲ್ಲಿ, ಈ ಪುಸ್ತಕಗಳಲ್ಲಿ ನಿಮಗೆ ಏನಾದರೂ ದಕ್ಕಿದ್ದರೆ ಅದು ನಿಮಗೂ ಪುಸ್ತಕಕ್ಕೂ ನಡುವಿನದು, ಅದನ್ನು ಯಾರೂ ಮುಟ್ಟಲಾಗದು ಎಂಬರ್ಥದ ಮಾತನ್ನೂ ಸೇರಿಸಿದರು.

ಕರಡು ತಿದ್ದುವವಳು:
ಸಾಲುಮರ ಅವರೇ, ಬಾರ್ತ್ ಸಾಯಿಸಿದ ಲೇಖಕನಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಈ ಲೇಖಕಿಗೆ ಇದೆ. ಅಷ್ಟೊಂದು ಓದುಗರನ್ನು ಕಳೆದುಕೊಂಡು ರಾತ್ರಿ ನಿದ್ದೆ ಹೇಗೆ ಬರುತ್ತದೆ ಎಂದು 2022ರಲ್ಲಿ ಯಾರೋ ಕೇಳಿದಾಗ, ಇತ್ತೀಚಿನ ರಾಯಲ್ಟಿ ಚೆಕ್‌ಗಳನ್ನು ಓದಿಕೊಂಡರೆ ನೋವು ಬೇಗ ಹೋಗುತ್ತದೆ ಎಂಬ ಅರ್ಥದ ಉತ್ತರ ಕೊಟ್ಟವರು ಆಕೆಯೇ. ಕೃತಿಗೂ ಕರ್ತೃವಿಗೂ ಗಂಟು ಹಾಕಿದ್ದು ನಾವಲ್ಲ.

ಆ ಹಣ ಸುಮ್ಮನೆ ಕೂತಿಲ್ಲ. ‘ಫಾರ್ ವಿಮೆನ್ ಸ್ಕಾಟ್ಲೆಂಡ್’ ಎಂಬ ಸಂಘಟನೆಯ ಮೊಕದ್ದಮೆಗೆ 2024ರಲ್ಲಿ 70,000 ಪೌಂಡ್ ಕೊಟ್ಟರು. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದೇ ಮೊಕದ್ದಮೆಯಲ್ಲಿ, 2010ರ ಸಮಾನತಾ ಕಾಯ್ದೆಯ ‘ಮಹಿಳೆ’ ಎಂಬ ಪದಕ್ಕೆ ಜೈವಿಕ ಲಿಂಗವೇ ಅರ್ಥ ಎಂದಿತು. ಅಂದು ಆಕೆ ಸಿಗಾರ್ ಸೇದುತ್ತಿರುವ ಚಿತ್ರ ಹಾಕಿದರು. ಮರು ತಿಂಗಳೇ ಇಂಥ ಮೊಕದ್ದಮೆಗಳಿಗೆಂದು ಸ್ವಂತ ಹಣದಲ್ಲಿ ನಿಧಿ ತೆರೆದರು. ನದಿಮೂಲ ಕೇಳಬಾರದು, ಒಪ್ಪಿದೆ. ಆದರೆ ಮೇಲ್ಗಡೆ ನಿಂತು ಯಾರೋ ಈಗಲೂ ನೀರಿಗೆ ಏನನ್ನೋ ಸುರಿಯುತ್ತಿದ್ದಾರೆ, ಕೆಳಗೆ ಕೆಲವರು ಅದೇ ನೀರು ಕುಡಿಯುತ್ತಿದ್ದಾರೆ. ಆಗಲೂ ಕೇಳಬಾರದೇ?

ಖಡಾಖಂಡಿತ:
ಏಕಪಕ್ಷೀಯವಾಗಿ ತೀರ್ಪು ಕೊಡುವುದು ಎಷ್ಟು ಸುಲಭ! ಆ 2020ರ ಲೇಖನವನ್ನು ಇಲ್ಲಿ ಎಷ್ಟು ಜನ ಪೂರ್ತಿ ಓದಿದ್ದೀರಿ? ಮೊದಲ ಮದುವೆಯಲ್ಲಿ ಅನುಭವಿಸಿದ ಹಿಂಸೆಯನ್ನೂ ತಮ್ಮ ಮೇಲಾದ ಲೈಂಗಿಕ ದೌರ್ಜನ್ಯವನ್ನೂ ಆಕೆ ಅಲ್ಲಿ ಹೇಳಿಕೊಂಡಿದ್ದಾರೆ. ತೃತೀಯ ಲಿಂಗಿಗಳಲ್ಲಿ ಹೆಚ್ಚಿನವರಿಂದ ಯಾರಿಗೂ ಅಪಾಯವಿಲ್ಲ, ಅವರಿಗೆ ರಕ್ಷಣೆ ಸಿಗಬೇಕು ಎಂದೂ ಅಲ್ಲೇ ಬರೆದಿದ್ದಾರೆ. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗಾಗಿ 2022ರಲ್ಲಿ ಎಡಿನ್‌ಬರೋದಲ್ಲಿ ನೆರವು ಕೇಂದ್ರ ತೆರೆದರು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ತೀರಿಕೊಂಡ ತಾಯಿಯ ಹೆಸರಿನ ಚಿಕಿತ್ಸಾಲಯಕ್ಕೆ 2010ರಲ್ಲಿ ಒಂದು ಕೋಟಿ ಪೌಂಡ್ ಕೊಟ್ಟರು. ರಾಯಲ್ಟಿಯ ಲೆಕ್ಕ ಹಾಕುವವರು ಇದನ್ನೂ ಹಾಕಬೇಕಲ್ಲವೇ?

ಫೋರ್ಸ್ಟೇಟರ್ ಕೂಡ 2021ರಲ್ಲಿ ಮೇಲ್ಮನವಿ ಗೆದ್ದರು. ಅಂಥ ನಂಬಿಕೆಗೆ ಕಾನೂನಿನ ರಕ್ಷಣೆ ಇದೆ ಎಂದಿತು ನ್ಯಾಯಮಂಡಳಿ. ಇನ್ನು ಹ್ಯಾರಿ ಪಾಟರ್ ಕಥೆಯ ಹೊಸ ಟಿವಿ ಸರಣಿಯಲ್ಲಿ ಸ್ನೇಪ್ ಪಾತ್ರಕ್ಕೆ ಆಯ್ಕೆಯಾದ ನಟ ಟ್ರಾನ್ಸ್ ಪರ ಪತ್ರಕ್ಕೆ ಸಹಿ ಹಾಕಿದಾಗ, ಆತನನ್ನು ತೆಗೆಯುವ ಅಧಿಕಾರ ನನಗಿಲ್ಲ, ಇದ್ದರೂ ಬಳಸುವುದಿಲ್ಲ ಎಂದರು. ಆಕೆಯ ಪುಸ್ತಕ ಸುಡುವವರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಮ್ಮ ಅಭಿಪ್ರಾಯಕ್ಕೆ ಹೊಂದದವರನ್ನೆಲ್ಲ ಹೊರಗೆ ಹಾಕುತ್ತಾ ಹೋದರೆ ಕಪಾಟಿನಲ್ಲಿ ಉಳಿಯುವುದು ದೂಳು ಮತ್ತು ಜಿರಲೆ.

ನೇಸರು:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಟ್ರಾನ್ಸ್ ಮಹಿಳೆ.

ಮೊದಲಿಗೆ ಒಂದು ಸಣ್ಣ ವಿಷಯ, ಖಡಾಖಂಡಿತ ಅವರೇ. ‘ತೃತೀಯ ಲಿಂಗಿ’ ಎಂಬ ಪದವನ್ನು ನಮ್ಮಲ್ಲಿ ಕೆಲವರು ಒಪ್ಪುತ್ತಾರೆ, ಹಲವರು ಒಪ್ಪುವುದಿಲ್ಲ. ಮೂರನೆಯವಳು ಎಂದರೆ ಮೊದಲನೆಯವರು ಯಾರು, ಎರಡನೆಯವರು ಯಾರು? ನನ್ನನ್ನು ಮಹಿಳೆ ಎಂದರೆ ಸಾಕು.

ಎರಡನೆಯ ಪುಸ್ತಕದ ಬೆನ್ನು ಕಿತ್ತಿದೆ ಎಂದು ಓದಿ ನಗು ಬಂತು. ನನ್ನದೂ ಅದೇ ಕಿತ್ತಿದ್ದು. ಪಾಲಿಜ್ಯೂಸ್ ಕಷಾಯ ಬರುವುದು ಅದರಲ್ಲಿ. ಕುಡಿದರೆ ಒಂದು ಗಂಟೆ ಬೇರೆಯವರ ಮೈ. ಹದಿಮೂರರ ವಯಸ್ಸಿನಲ್ಲಿ ಆ ಅಧ್ಯಾಯವನ್ನು ನಾನೆಷ್ಟು ಸಲ ಓದಿರಬಹುದು! ಗಂಟೆ ಮುಗಿಯುವ ಹೊತ್ತಿಗೆ ಅವರಿಗೆ ಹಳೆಯ ಮೈ ಮರಳುತ್ತಿದೆ ಎಂಬ ಗಾಬರಿ ಹುಟ್ಟುತ್ತದೆ. ನನಗೂ ಗಾಬರಿ, ಕಾರಣ ಮಾತ್ರ ಬೇರೆ. ಏಳನೆಯ ಪುಸ್ತಕದಲ್ಲಿ ಇಬ್ಬರು ಹುಡುಗಿಯರೂ ಸೇರಿ ಆರು ಜನ ಅದೇ ಕಷಾಯ ಕುಡಿದು ಹ್ಯಾರಿಯ ರೂಪ ತಾಳುತ್ತಾರೆ. ಅಲ್ಲಿ ಯಾರೂ ಹುಟ್ಟಿದ ದಾಖಲೆ ಕೇಳುವುದಿಲ್ಲ.

ಇದನ್ನು ಬರೆದವರು ನನ್ನನ್ನು ಗಂಡಸೆಂದೇ ಕರೆಯುತ್ತಾರೆ ಎಂದು ಗೊತ್ತಾದ ದಿನ ನಾನು ಪುಸ್ತಕ ಸುಡಲಿಲ್ಲ. ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ಇನ್ನೂ ಅಲ್ಲೇ ಇದೆ. ಕೃತಿಯನ್ನು ಕರ್ತೃವಿನಿಂದ ಬೇರ್ಪಡಿಸಬಹುದೇ ಎಂದು ನೀವು ಚರ್ಚಿಸುವಾಗ ನಿಮಗದು ಆಯ್ಕೆ. ನನಗೆ ಆ ಪುಸ್ತಕ ತೆರೆದರೆ ಆ ಧ್ವನಿಯೇ ಕೇಳಿಸುತ್ತದೆ, ಬೇಡವೆಂದರೂ.

ರಕ್ಷಣೆ ಸಿಗಬೇಕೆಂದು ಬರೆದಿದ್ದರು, ನಿಜ. ಲಿಂಗ ಪರಿವರ್ತನೆಯ ಆಧಾರದ ತಾರತಮ್ಯದಿಂದ ಟ್ರಾನ್ಸ್ ಜನರಿಗೆ ರಕ್ಷಣೆ ಮುಂದುವರಿಯುತ್ತದೆ ಎಂದು ಸುಪ್ರೀಂ ಕೋರ್ಟಿನ ಆ ತೀರ್ಪಿನಲ್ಲೂ ಇದೆ. ಆದರೆ ತೀರ್ಪು ಬಂದ ಹತ್ತು ದಿನದೊಳಗೆ ಅಲ್ಲಿನ ಸಮಾನತಾ ಆಯೋಗ ಹೊರಡಿಸಿದ ಮಧ್ಯಂತರ ಸೂಚನೆಯ ಪ್ರಕಾರ ಟ್ರಾನ್ಸ್ ಮಹಿಳೆ ಮಹಿಳೆಯರ ಶೌಚಾಲಯ ಬಳಸುವಂತಿರಲಿಲ್ಲ. ಗಡ್ಡವಿಲ್ಲದ, ಸೀರೆಯುಟ್ಟ, ಜಡೆ ಹಾಕಿದ ನನ್ನಂಥವಳು ಗಂಡಸರ ಶೌಚಾಲಯಕ್ಕೆ ಹೋದರೆ ಏನಾಗಬಹುದೆಂದು ಒಂದು ನಿಮಿಷ ಯೋಚಿಸಿ. ‘ಅಭಿಪ್ರಾಯ’ ಎಂಬ ಪದ ಇಲ್ಲಿ ಬಹಳ ಹಗುರ.

ಖಡಾಖಂಡಿತ:
ಪದದ ವಿಷಯದಲ್ಲಿ ನನ್ನದು ತಪ್ಪು. ತಿದ್ದಿಕೊಳ್ಳುತ್ತೇನೆ, ನೇಸರು ಅವರೇ. ಉಳಿದದ್ದರಲ್ಲಿ ನನ್ನ ನಿಲುವು ಬದಲಾಗಿಲ್ಲ. ಹಿಂಸೆ ಕಂಡ ಮಹಿಳೆಯ ಭಯವೂ ನಿಜವಾದ ಭಯವೇ.

ನೇಸರು:
ಹಿಂಸೆ ಕಂಡ ಮಹಿಳೆಯರಲ್ಲಿ ನಾನೂ ಒಬ್ಬಳು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಆಟದಂಗಳ:
ಬಹಿಷ್ಕಾರದ ಮಾತು ಬಂದರೆ ನಾನು ಅಪರಾಧಿ ಸ್ಥಾನದಲ್ಲೇ ನಿಲ್ಲಬೇಕು. 2023ರ ಫೆಬ್ರವರಿಯಲ್ಲಿ ಹ್ಯಾರಿ ಪಾಟರ್ ಕಥಾಲೋಕದ ಹಾಗ್ವಾರ್ಟ್ಸ್ ಲೆಗಸಿ ಎಂಬ ವಿಡಿಯೊ ಗೇಮ್ ಬಂದಾಗ ಕೊಳ್ಳಬೇಡಿ ಎಂದು ದೊಡ್ಡ ಕೂಗೆದ್ದಿತ್ತು. ಎರಡೇ ವಾರದಲ್ಲಿ 1.2 ಕೋಟಿ ಪ್ರತಿ ಮಾರಾಟವಾಯಿತು, 85 ಕೋಟಿ ಡಾಲರ್ ವಹಿವಾಟು. ಆ 1.2 ಕೋಟಿಯಲ್ಲಿ ಒಂದು ನನ್ನದು. ಆಟ ರೂಪಿಸುವುದರಲ್ಲಿ ರೌಲಿಂಗ್ ನೇರವಾಗಿ ಭಾಗಿಯಾಗಿಲ್ಲ ಎಂದು ತಯಾರಕರು ಹೇಳಿಕೊಂಡಿದ್ದರು. ಹೋಟೆಲಿನ ಒಡತಿಯಾಗಿ ಟ್ರಾನ್ಸ್ ಪಾತ್ರವೊಂದನ್ನೂ ಇಟ್ಟಿದ್ದರು. ನೂರಾರು ಜನ ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದನ್ನು ಒಬ್ಬರ ಮಾತಿಗಾಗಿ ಬಿಡುವುದೇ ಎಂದು ಸಮಾಧಾನ ಮಾಡಿಕೊಂಡೆ. ಆಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಕರಡು ತಿದ್ದುವವಳು:
ಕೊಲೆಗಾರನ ಮನೆಯ ಊಟವೂ ರುಚಿಯಾಗಿಯೇ ಇರುತ್ತದೆ. ಪ್ರಶ್ನೆ ರುಚಿಯದಲ್ಲವಲ್ಲ. (ಹೋಲಿಕೆ ಖಾರವಾಯಿತು. ಕಾಟು ಹಾಕುವುದೇ ನನ್ನ ಕಸುಬು, ಆದರೂ ಇದನ್ನು ಹಾಗೆಯೇ ಬಿಡುತ್ತೇನೆ.)

ತಂಬೂರಿ:
ಹಣದ ವಾದಕ್ಕೆ ಒಂದು ತೊಡಕಿದೆ. ಕಲಾವಿದ ಸತ್ತರೆ, ಹಣ ಹೋಗುವುದು ನಿಂತರೆ, ಎಲ್ಲ ಸರಿಹೋಗುತ್ತದೆ ಎಂಬಂತಿದೆ ನಿಮ್ಮ ಮಾತು. ಸಂಗೀತಗಾರ ರಿಚರ್ಡ್ ವಾಗ್ನರ್ ಸತ್ತದ್ದು 1883ರಲ್ಲಿ. ಸಂಗೀತದಲ್ಲಿ ಯಹೂದಿಗಳ ಬಗ್ಗೆ ಹೊಲಸು ಲೇಖನವೊಂದನ್ನು ಆತ 1850ರಲ್ಲಿ ಬೇರೆ ಹೆಸರಿನಲ್ಲಿ ಬರೆದ. 1869ರಲ್ಲಿ ಸ್ವಂತ ಹೆಸರಿನಲ್ಲೇ ಮರಳಿ ಅಚ್ಚು ಹಾಕಿಸಿದ. 1938ರಿಂದ ಪ್ಯಾಲೆಸ್ಟೈನಿನ ಯಹೂದಿ ವಾದ್ಯವೃಂದ ಆತನ ಕೃತಿಗಳನ್ನು ಕೈಬಿಟ್ಟಿತು, ಮುಂದೆ ಇಸ್ರೇಲಿನಲ್ಲಿ ಅದೇ ಅಲಿಖಿತ ನಿಯಮವಾಯಿತು. 2001ರ ಜುಲೈಯಲ್ಲಿ ವಾದ್ಯವೃಂದ ನಿರ್ದೇಶಕ ಡೇನಿಯಲ್ ಬ್ಯಾರನ್‌ಬಾಯ್ಮ್ ಜೆರುಸಲೇಮಿನಲ್ಲಿ ಕಛೇರಿ ಮುಗಿದ ಮೇಲೆ, ಈಗ ವಾಗ್ನರ್ ನುಡಿಸಲೇ ಎಂದು ಸಭಿಕರನ್ನೇ ಕೇಳಿದರು. ಬೇಡವಾದವರು ಎದ್ದು ಹೋಗಬಹುದು ಎಂದರು. ಸುಮಾರು ಅರ್ಧ ಗಂಟೆ ವಾಗ್ವಾದ ನಡೆಯಿತು. ಕೆಲವರು ಬಾಗಿಲು ಬಡಿದು ಹೊರಟರು. ಹೆಚ್ಚಿನವರು ಕೂತು ಕೇಳಿದರು.

ಸತ್ತು ನೂರಾ ಹದಿನೆಂಟು ವರ್ಷ! ಒಂದು ಪೈಸೆಯೂ ಆತನಿಗೆ ಹೋಗುವುದಿಲ್ಲ. ಆದರೂ ಬಾಗಿಲು ಬಡಿದವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನಗೆ ಹಿಡಿಸಿದ್ದು ಬ್ಯಾರನ್‌ಬಾಯ್ಮ್ ಮೊದಲು ಕೇಳಿದ್ದು.

ಸಾಲುಮರ:
ನೇಸರು ಅವರ ಮಾತು ಓದಿದ ಮೇಲೆ ನನ್ನ ಮೊದಲ ಉತ್ತರ ತೆಳುವಾಗಿ ಕಾಣುತ್ತಿದೆ. ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ತಿದ್ದಬೇಕು. ಪಾಟರ್ ಸರಣಿಗೆ ನಾನು ಹೇಳಿದ್ದು ಒಪ್ಪಬಹುದು. ರಾಬರ್ಟ್ ಗಾಲ್‌ಬ್ರೇತ್ ಎಂಬ ಗಂಡು ಹೆಸರಿನಲ್ಲಿ ಆಕೆ ಬರೆಯುವ ಪತ್ತೇದಾರಿ ಕಾದಂಬರಿಗಳ ಬಗ್ಗೆ ಅಷ್ಟು ಧೈರ್ಯವಿಲ್ಲ. 2020ರಲ್ಲಿ ಬಂದ ‘ಟ್ರಬಲ್ಡ್ ಬ್ಲಡ್’ನಲ್ಲಿ ಸರಣಿ ಹಂತಕನೊಬ್ಬ ಹೆಂಗಸಿನ ಕೋಟು, ವಿಗ್ ಹಾಕಿಕೊಂಡು ಹೆಂಗಸರನ್ನು ನಂಬಿಸುತ್ತಾನೆ. ಆತ ಟ್ರಾನ್ಸ್ ಪಾತ್ರ ಅಲ್ಲ, ಕಥೆಯಲ್ಲಿ ಅದು ಸಣ್ಣ ಎಳೆ. ಆದರೂ ಆ ವರ್ಷ, ಆ ಕೈಯಿಂದ ಬಂದಾಗ ಕರ್ತೃವನ್ನು ಹೊರಗೆ ನಿಲ್ಲಿಸಿ ಓದಲು ನನ್ನಿಂದಾಗಲಿಲ್ಲ.

ಇನ್ನೊಂದು ಸಂಗತಿ ತಲೆಯಲ್ಲೇ ಸುತ್ತುತ್ತಿದೆ. ಹೆಂಗಸು ಬರೆದ ಪುಸ್ತಕವೆಂದರೆ ಗಂಡುಹುಡುಗರು ಮುಟ್ಟಲಾರರು ಎಂದು ಪ್ರಕಾಶಕರು ಹೆದರಿದ್ದರಿಂದ 1997ರಲ್ಲಿ ಜೋಆನ್ ಹೋಗಿ ‘ಜೆ.ಕೆ.’ ಆಯಿತು. ಆ ‘ಕೆ’ ಅಜ್ಜಿ ಕ್ಯಾಥಲೀನ್ ಅವರಿಂದ ಪಡೆದದ್ದು, ಆಕೆಗೆ ನಡುಹೆಸರೇ ಇರಲಿಲ್ಲ. ಒಂದು ಸಲ ಲಿಂಗ ಮರೆಸಿ, ಇನ್ನೊಂದು ಸಲ ಗಂಡು ಹೆಸರೇ ಇಟ್ಟುಕೊಂಡು ಅಂಗಡಿಗೆ ಬಂದವರು ಇವರು.

ಮೂಲೆಬೆಂಚು:
ಯಾರೂ ಕ್ವಿಡಿಚ್ ಆಡುವವರ ಸುದ್ದಿ ಎತ್ತಲಿಲ್ಲ! ಪುಸ್ತಕದಲ್ಲಿ ಪೊರಕೆಯ ಮೇಲೆ ಹಾರಿ ಆಡುವ ಆಟವನ್ನು 2005ರಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನ ವಿದ್ಯಾರ್ಥಿಗಳು ನೆಲದ ಮೇಲೆ ಆಡತೊಡಗಿದರು. ನಗಬೇಡಿ, ಮುಂದೆ ವಿಶ್ವಕಪ್‌ವರೆಗೂ ಬೆಳೆಯಿತು. ಒಂದು ತಂಡದಲ್ಲಿ ಒಂದೇ ಲಿಂಗತ್ವದ ಆಟಗಾರರು ಏಕಕಾಲಕ್ಕೆ ನಾಲ್ವರಿಗಿಂತ ಹೆಚ್ಚು ಅಂಗಳದಲ್ಲಿ ಇರಬಾರದು ಎಂಬ ನಿಯಮವಿತ್ತು. ಲಿಂಗತ್ವ ಎಂದರೆ ಆಟಗಾರರು ತಾವೇ ಹೇಳಿಕೊಂಡದ್ದು. ಹೆಣ್ಣು, ಗಂಡು, ಎರಡೂ ಅಲ್ಲದವರು ಒಂದೇ ಅಂಗಳದಲ್ಲಿ. ಹೀಗಾಗಿ ಟ್ರಾನ್ಸ್ ಆಟಗಾರರಿಗೆ ಅದು ಮನೆಯಂತಾಗಿತ್ತು.

2022ರ ಜುಲೈಯಲ್ಲಿ ಅವರು ಹೆಸರನ್ನೇ ಬದಲಿಸಿ ಕ್ವಾಡ್‌ಬಾಲ್ ಎಂದು ಇಟ್ಟುಕೊಂಡರು. ಟ್ರೇಡ್‌ಮಾರ್ಕಿನ ತಲೆನೋವು ಒಂದು ಕಾರಣ. ರೌಲಿಂಗ್ ಮಾತುಗಳಿಂದ ದೂರ ನಿಲ್ಲುವುದು ಇನ್ನೊಂದು. ಆ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಆಟ ಬಿಡಲಿಲ್ಲ, ಚೆಂಡೂ ಬಳೆಯೂ ಅವೇ. ಇದನ್ನು ಬೇರ್ಪಡಿಸುವುದು ಎನ್ನಬೇಕೋ, ಎತ್ತಿಕೊಂಡು ಹೋಗುವುದು ಎನ್ನಬೇಕೋ?

ನೇಸರು:
ಎತ್ತಿಕೊಂಡು ಹೋಗುವುದು. ನನಗೆ ಆ ಪದ ಇಷ್ಟವಾಯಿತು.

ಖಡಾಖಂಡಿತ:
ಕೈ ಬದಲಾದರೆ ಮಾಲು ಶುದ್ಧವಾಯಿತೇ? ಹಾಗಿದ್ದರೆ ಬೆಳಗಿನ ಓದು ಅವರ ಪುಸ್ತಕವೂ ಕಳಂಕಮುಕ್ತವೇ. ಅದಕ್ಕೆ ಕೊಟ್ಟ ಹಣ ಎಂದೋ ಹೋಗಿ ಸೇರಿದೆ, ಈಗ ಇನ್ನೊಬ್ಬರು ಓದಿದರೆ ಲೇಖಕಿಗೆ ಬಿಡಿಗಾಸೂ ಹೋಗದು.

ಕರಡು ತಿದ್ದುವವಳು:
ನಿಮ್ಮ ಜೊತೆ ಒಂದು ಮಾತಿಗಾದರೂ ಒಪ್ಪಬೇಕಾಯಿತಲ್ಲ! ಹೌದು, ಹಳೆಯ ಪ್ರತಿ ಕೊಡುವುದಕ್ಕೂ ಹೊಸದನ್ನು ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹೊಸ ಟಿವಿ ಸರಣಿಗೆ ಆಕೆ ಕಾರ್ಯನಿರ್ವಾಹಕ ನಿರ್ಮಾಪಕಿ. ಅದಕ್ಕೆ ಚಂದಾ ಕಟ್ಟುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೇನೆ. ನೀವೂ ಹಾಗೆಯೇ ಮಾಡಿ ಎಂದು ಯಾರ ಬಾಗಿಲಿಗೂ ಹೋಗುವುದಿಲ್ಲ.

ತಂಬೂರಿ:
ಅದು ಅರ್ಧ ಉತ್ತರ. ನೇಸರು ಅವರ ಮಂಚದ ಕೆಳಗಿನ ಪೆಟ್ಟಿಗೆಗೆ ಅದರಲ್ಲಿ ಜಾಗವಿಲ್ಲ.

ಬೆಳಗಿನ ಓದು:
ಎಲ್ಲರ ಮಾತನ್ನೂ ಎರಡು ಸಲ ಓದಿದೆ. ಪುಸ್ತಕ ಕೊಡುತ್ತಿದ್ದೇನೆ, ಹೊಸದೇನನ್ನೂ ಕೊಳ್ಳುವುದಿಲ್ಲ. ಆದರೆ ಸುಮ್ಮನೆ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಎರಡನೆಯ ಪುಸ್ತಕ ಮುಗಿಸಿದಾಗ ಪಾಲಿಜ್ಯೂಸ್ ಬಗ್ಗೆ ಕೇಳುತ್ತೇನೆ. ಬರೆದವರು ಈಗ ಏನು ಹೇಳುತ್ತಿದ್ದಾರೆ ಎಂದೂ ಹೇಳುತ್ತೇನೆ, ಹನ್ನೊಂದು ವರ್ಷದವಳಿಗೆ ಅರ್ಥವಾಗದ ವಿಷಯವೇನಲ್ಲ. ನೇಸರು ಅವರೇ, ನಿಮ್ಮ ಆ ಅಧ್ಯಾಯದ ಕಥೆಯನ್ನು ಹೆಸರಿಲ್ಲದೆ ಅವಳಿಗೆ ಹೇಳಬಹುದೇ?

ನೇಸರು:
ಹೇಳಿ. ಅವಳು ಏನೆಂದಳು ಎಂದು ನನಗೂ ತಿಳಿಸಿ. ನನ್ನ ಪೆಟ್ಟಿಗೆ ಸದ್ಯ ಅಲ್ಲೇ ಇರಲಿ.

ಬೆಳಗಿನ ಓದು:
ಖಂಡಿತ. ಅದಕ್ಕೂ ಮೊದಲು ಆ ಕಿತ್ತ ಬೆನ್ನು ಸರಿಮಾಡಬೇಕು. ಟೇಪ್ ಹಚ್ಚಿದರೆ ಸಾಕೇ?

ಕರಡು ತಿದ್ದುವವಳು:
ಟೇಪ್ ಬೇಡವೇ ಬೇಡ, ವರ್ಷಗಳು ಕಳೆದಂತೆ ಹಳದಿಯಾಗಿ ಕಾಗದವನ್ನೇ ಕಿತ್ತುಕೊಂಡು ಬರುತ್ತದೆ. ಬಿಳಿ ಅಂಟನ್ನು ತೆಳ್ಳಗೆ ಸವರಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಭಾರಕ್ಕೆ ಆ ಉಬ್ಬಿದ ಐದನೆಯ ಪುಸ್ತಕವೇ ಸಾಕು.