ಫೈರ್‌ರೆಡ್‌ನಲ್ಲಿ ವಲ್ಪಿಕ್ಸ್ ಸಿಗುವುದೇ ಇಲ್ಲವೇ?

ಪ್ರಶ್ನೆ:
ನಮಸ್ಕಾರ. ಅಣ್ಣ ಆಡಿ ಬಿಟ್ಟ ಪೋಕೆಮಾನ್ ಫೈರ್‌ರೆಡ್ ಕಾರ್ಟ್ರಿಡ್ಜನ್ನು ನಿಂಟೆಂಡೊದ ಕೈಯಾಟದ ಯಂತ್ರವಾದ ಡಿಎಸ್ ಲೈಟ್‌ಗೆ ಹಾಕಿ ಹೊಸದಾಗಿ ಆರಂಭಿಸಿದ್ದೇನೆ. ಆಟದ ಸೆಲಡಾನ್ ನಗರದ ಪಕ್ಕದ ರೂಟ್ 7ರ ಹುಲ್ಲಿನಲ್ಲಿ ಎರಡು ಸಂಜೆ ಅಲೆದರೂ ಗ್ರೌಲಿತ್ ಎಂಬ ಪೋಕೆಮಾನ್ ಮಾತ್ರ ಮತ್ತೆ ಮತ್ತೆ ಎದುರಾಗುತ್ತಿದೆ, ವಲ್ಪಿಕ್ಸ್ ಒಂದೂ ಕಾಣಲಿಲ್ಲ. ಇದು ಅದೃಷ್ಟದ ಮಾತೇ, ಅಥವಾ ನಾನು ಜಾಗ ತಪ್ಪಿದ್ದೇನೆಯೇ?

ಉತ್ತರ 1:
ಜಾಗ ಸರಿಯಾಗಿದೆ, ಕಾರ್ಟ್ರಿಡ್ಜ್ ಬೇರೆ ಅಷ್ಟೇ. ಫೈರ್‌ರೆಡ್‌ನ ಜೋಡಿ ಆಟವಾದ ಲೀಫ್‌ಗ್ರೀನ್‌ನಲ್ಲಿ ಅದೇ ರೂಟ್ 7ರ ಅದೇ ಹುಲ್ಲಿನಲ್ಲಿ ವಲ್ಪಿಕ್ಸ್ ಸಿಗುತ್ತದೆ, ಗ್ರೌಲಿತ್ ಸಿಗುವುದಿಲ್ಲ. ನಿಮ್ಮಲ್ಲಿ ಇಕಾನ್ಸ್, ಆಡಿಶ್, ಸೈಥರ್ ಇದ್ದರೆ ಅಲ್ಲಿ ಸ್ಯಾಂಡ್‌ಶ್ರೂ, ಬೆಲ್‌ಸ್ಪ್ರೌಟ್, ಪಿನ್ಸಿರ್ ಇವೆ. 1996ರಲ್ಲಿ ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಬಂದಾಗಿನಿಂದಲೂ, ಇಬ್ಬರು ಆಟಗಾರರು ಕೇಬಲ್ ಜೋಡಿಸಿ ವಿನಿಮಯ ಮಾಡಿಕೊಳ್ಳಲೇಬೇಕೆಂಬ ಉದ್ದೇಶದಿಂದಲೇ ಜೋಡಿ ಆಟಗಳನ್ನು ಹೀಗೆ ಹಂಚಲಾಗಿದೆ. ಒಂಟಿಯಾಗಿ ಆಡುವವರಿಗೆ ಇದು ಕಿರಿಕಿರಿಯೇ ಸರಿ.

ಉತ್ತರ 2:
ರೂಬಿ, ಸಫೈರ್ ಎಂಬ ಬೇರೆ ಪೋಕೆಮಾನ್ ಆಟಗಳೆರಡರಲ್ಲೂ ಮೌಂಟ್ ಪೈರ್‌ನ ಹೊರಗಿನ ಹುಲ್ಲಿನಲ್ಲಿ ವಲ್ಪಿಕ್ಸ್ ಇದೆ. ಆದರೆ ಅಲ್ಲಿಂದ ತರಿಸಿಕೊಳ್ಳಲು ನೀವು ಮೊದಲು ಕೊನೆಯ ಬಲಶಾಲಿ ಎದುರಾಳಿಗಳಾದ ಎಲೀಟ್ ಫೋರ್‌ರನ್ನು ಗೆದ್ದು, ಕನಿಷ್ಠ 60 ಬಗೆಯ ಪೋಕೆಮಾನ್‌ಗಳನ್ನು ಸಂಪಾದಿಸಿ, ನ್ಯಾಷನಲ್ ಡೆಕ್ಸ್ (ಎಲ್ಲ ಪ್ರದೇಶಗಳ ಪೋಕೆಮಾನ್‌ಗಳ ಪಟ್ಟಿ) ಪಡೆದು, ಸೆವಿ ದ್ವೀಪಗಳಲ್ಲಿ ಎರಡು ರತ್ನಗಳನ್ನು ಹುಡುಕಿ ಅಲ್ಲಿನ ಸೆಲಿಯೊ ಎಂಬವನ ಸಂಪರ್ಕ ಯಂತ್ರವನ್ನು ದುರಸ್ತಿ ಮಾಡಿಸಬೇಕು. ಲೀಫ್‌ಗ್ರೀನ್ ಜೊತೆಗಿನ ವಿನಿಮಯಕ್ಕೆ ಈ ಯಾವ ತಾಪತ್ರಯವೂ ಇಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಸ್ನೇಹಿತನ ಲೀಫ್‌ಗ್ರೀನನ್ನು ಅವನ ಡಿಎಸ್‌ಗೆ ಹಾಕಿ, ಎರಡನ್ನೂ ನಿಸ್ತಂತುವಾಗಿ ಜೋಡಿಸಿದರೆ ಸಾಕಲ್ಲವೇ?

ಉತ್ತರ 2:
ಸಾಲದು, ನಾನೂ ಒಮ್ಮೆ ಇಲ್ಲಿಯೇ ಎಡವಿದ್ದೆ. ಡಿಎಸ್ ಲೈಟ್‌ನ ಕೆಳಗಿನ ಸ್ಲಾಟ್ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜನ್ನು ಓಡಿಸುತ್ತದೆಯಾದರೂ, ಅದರ ಮೈಮೇಲೆ ಲಿಂಕ್ ಕೇಬಲ್ ಸಿಕ್ಕಿಸುವ ಕಿಂಡಿಯೇ ಇಲ್ಲ. ಡಿಎಸ್‌ನ ವೈರ್‌ಲೆಸ್ ಸೌಲಭ್ಯವೂ ಈ ಹಳೆಯ ಆಟಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಇಬ್ಬರ ಬಳಿಯೂ ಗೇಮ್ ಬಾಯ್ ಅಡ್ವಾನ್ಸ್ ಅಥವಾ ಅದರ ಎಸ್‌ಪಿ ಮಾದರಿ ಇರಬೇಕು, ನಡುವೆ ಒಂದು ಕೇಬಲ್ ಇರಬೇಕು, ಇಲ್ಲವೇ ಎರಡಕ್ಕೂ ಅಡ್ವಾನ್ಸ್‌ನ ವೈರ್‌ಲೆಸ್ ಅಡಾಪ್ಟರ್ ಇರಬೇಕು.

ಉತ್ತರ 1:
ಹೌದು, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಇನ್ನೊಂದು ಮಾತು: ಡಿಎಸ್ ಲೈಟ್‌ನಲ್ಲಿ ಡೈಮಂಡ್ ಅಥವಾ ಪರ್ಲ್ ಎಂಬ ನಂತರದ ಪೋಕೆಮಾನ್ ಆಟದ ಪಾಲ್ ಪಾರ್ಕ್ ಎಂಬ ಜಾಗದ ಮೂಲಕ ಫೈರ್‌ರೆಡ್‌ನ ಪೋಕೆಮಾನ್‌ಗಳನ್ನು ಮುಂದಕ್ಕೆ ಒಯ್ಯಬಹುದು. ಅದು ಒಮ್ಮುಖ ದಾರಿ. ಒಯ್ದದ್ದು ಹಿಂದಕ್ಕೆ ಬರುವುದಿಲ್ಲವಾದ್ದರಿಂದ, ಆ ಗ್ರೌಲಿತ್‌ಗಳಲ್ಲಿ ಒಂದನ್ನು ಸ್ನೇಹಿತನ ಪಾಲಿಗೆಂದು ಫೈರ್‌ರೆಡ್‌ನಲ್ಲೇ ಉಳಿಸಿಕೊಳ್ಳಿ.