ಹಕ್ಕಿಯ ಪ್ರೊವೆಂಟ್ರಿಕ್ಯುಲಸ್ಸಿಗೂ ಜಿರಳೆಯದಕ್ಕೂ ಏನು ಸಂಬಂಧ?

ರೆಕ್ಕೆಪುಕ್ಕ:
ಪಾರಿವಾಳದ ಜೀರ್ಣಾಂಗ, ಜಿರಳೆಯ ಜೀರ್ಣಾಂಗ ಎರಡನ್ನೂ ಒಟ್ಟಿಗೆ ಓದುತ್ತಿದ್ದೇನೆ. ಎರಡರಲ್ಲೂ ಪ್ರೊವೆಂಟ್ರಿಕ್ಯುಲಸ್ ಅನ್ನುವ ಜೀರ್ಣಾಂಗದ ಭಾಗ ಇದೆ. ಆದರೆ ಹಕ್ಕಿಯದು ಮೆತ್ತಗಿದೆ, ಆಮ್ಲ ಸುರಿಸುತ್ತದೆ, ಹಲ್ಲು ಗಿಲ್ಲು ಏನೂ ಇಲ್ಲ. ಜಿರಳೆಯದರಲ್ಲಿ ನೋಡಿದರೆ ಗಟ್ಟಿ ಹಲ್ಲುಗಳು, ದಪ್ಪ ಸ್ನಾಯು, ಆಮ್ಲದ ಸುದ್ದಿಯೇ ಇಲ್ಲ. ಇವೆರಡೂ ಒಂದೇ ಅಂಗ ಅಂತ ಹೇಗೆ ಹೇಳುವುದು?

ಇನ್ನೊಂದು ಪ್ರಶ್ನೆ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗುತ್ತದೆ ಅಲ್ವಾ? ಹಾಗಿದ್ದರೆ ಮೊದಲು ಗಿಝಾರ್ಡಿನಲ್ಲಿ (ಪ್ರೊವೆಂಟ್ರಿಕ್ಯುಲಸ್ಸಿನ ನಂತರ ಬರುವ, ಆಹಾರ ಅರೆಯುವ ಸ್ನಾಯುವಿನ ಚೀಲ) ಅರೆದು, ಆಮೇಲೆ ಆಮ್ಲ ಸೇರಿಸಿದರೆ ಸರಿಯಾಗುತ್ತಿತ್ತು. ನಾವು ಅಗಿದು ನುಂಗುತ್ತೇವಲ್ಲ, ಹಾಗೆ. ಇಲ್ಲಿ ಕ್ರಮ ಯಾಕೆ ತಿರುಗಾಮುರುಗಾ ಆಗಿದೆ?

ಹುಳುಹುಪ್ಪಟೆ:
ಒಂದೇ ಅಂಗ ಅಲ್ಲ. ಹಕ್ಕಿಯಲ್ಲೂ ಕೀಟದಲ್ಲೂ ಅದು ಬೇರೆ ಬೇರೆಯಾಗಿಯೇ ಹುಟ್ಟಿಕೊಂಡದ್ದು. ಹೆಸರನ್ನು ಪಕ್ಕಕ್ಕಿಟ್ಟು ಒಳಗಿನ ಪದರ ನೋಡಿ, ವಿಷಯ ಅಲ್ಲೇ ತಿಳಿಯಾಗುತ್ತದೆ.

ಕೀಟದ ಮುಂಗರುಳಿನ ಕೊನೆಯ ಭಾಗ ಇದು. ಮುಂಗರುಳು ಪೂರ್ತಿ ಹೊರಚರ್ಮದಿಂದಲೇ ಒಳಕ್ಕೆ ಮಡಚಿಕೊಂಡು ಬಂದದ್ದು, ಆದ್ದರಿಂದ ಮೈಮೇಲಿರುವಂಥದ್ದೇ ಕ್ಯೂಟಿಕಲ್, ಅಂದರೆ ಹೊರಕವಚದ ಪದರ, ಇದರ ಒಳಗೂ ಇರುತ್ತದೆ. ಜಿರಳೆಯಲ್ಲಿ ಆ ಕ್ಯೂಟಿಕಲ್ಲೇ ದಪ್ಪವಾಗಿ, ಗಟ್ಟಿಯಾಗಿ 6 ದೊಡ್ಡ ಹಲ್ಲುಗಳಾಗಿದೆ. ಸುತ್ತ ಬಳೆಯ ಹಾಗೆ ಬಲವಾದ ಸ್ನಾಯು. ಮರಿ ಜಿರಳೆ ಪೊರೆ ಬಿಡುವಾಗ ಈ ಹಲ್ಲುಗಳೂ ಕಳಚಿ ಹೋಗುತ್ತವೆ, ಹೊಸವು ಬರುತ್ತವೆ. ನನಗೆ ಈ ಅಂಗದ ಬಗ್ಗೆ ತುಂಬಾ ಇಷ್ಟವಾದ ವಿಷಯವೇ ಇದು.

ಇಂಥ ಪದರದಿಂದ ಕಿಣ್ವ ಸುರಿಯುವುದಿಲ್ಲ. ಕಿಣ್ವ ಬರುವುದು ಬಾಯಿಯ ಲಾಲಾರಸದಿಂದ, ಮತ್ತೆ ಹಿಂದಿರುವ ನಡುಗರುಳಿನಿಂದ. ನಡುಗರುಳಿನ ರಸ ಪ್ರೊವೆಂಟ್ರಿಕ್ಯುಲಸ್ಸನ್ನು ದಾಟಿ ಅದರ ಮುಂದಿರುವ, ನುಂಗಿದ್ದನ್ನು ಕೂಡಿಡುವ ಕ್ರಾಪ್ ಚೀಲಕ್ಕೂ ಹರಿದು ಬರುತ್ತದೆ, ಜೀರ್ಣ ಕ್ರಿಯೆಯ ದೊಡ್ಡ ಪಾಲು ಕ್ರಾಪಿನಲ್ಲೇ ನಡೆಯುತ್ತದೆ. ಹಾಗಾಗಿ ಪ್ರೊವೆಂಟ್ರಿಕ್ಯುಲಸ್ ಆಹಾರವನ್ನು ಅರೆಯುತ್ತದೆ, ಸೋಸುತ್ತದೆ, ಹಿಂದಕ್ಕೆ ಎಷ್ಟು ಬಿಡಬೇಕು ಅಂತ ತಡೆ ಹಿಡಿಯುತ್ತದೆ. ಕೆಲಸದ ಲೆಕ್ಕದಲ್ಲಿ ಇದು ಹಕ್ಕಿಯ ಗಿಝಾರ್ಡಿಗೆ ಹತ್ತಿರ. ಪಠ್ಯಪುಸ್ತಕಗಳಲ್ಲಿ ಜಿರಳೆಯ ಈ ಭಾಗವನ್ನು ಗಿಝಾರ್ಡ್ ಅಂತಲೂ ಬರೆದಿರುತ್ತಾರೆ, ನೋಡಿರಬಹುದು.

ಕಾಳುಕಡ್ಡಿ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಹಕ್ಕಿಯ ಹೊಟ್ಟೆಯಲ್ಲಿ ಆಹಾರ ಒಂದೇ ದಿಕ್ಕಿಗೆ ಸಾಗುತ್ತದೆ ಅಂದುಕೊಂಡರೆ ಮಾತ್ರ ಕ್ರಮ ವಿಚಿತ್ರವಾಗಿ ಕಾಣುತ್ತದೆ. ನಿಜವಾಗಿ ಆಹಾರ ಹಿಂದೆ ಮುಂದೆ ಓಡಾಡುತ್ತದೆ. ಪ್ರೊವೆಂಟ್ರಿಕ್ಯುಲಸ್ಸಿನಿಂದ ಗಿಝಾರ್ಡಿಗೆ ಬಂದದ್ದು ಅಲ್ಲಿ ಅರೆದು, ಮತ್ತೆ ಪ್ರೊವೆಂಟ್ರಿಕ್ಯುಲಸ್ಸಿಗೆ ಹೋಗಿ, ಇನ್ನಷ್ಟು ರಸ ಹತ್ತಿಸಿಕೊಂಡು ತಿರುಗಿ ಗಿಝಾರ್ಡಿಗೆ ಬರುತ್ತದೆ, ಸಾಕಷ್ಟು ನುಣ್ಣಗಾದ ಮೇಲೆಯೇ ಸಣ್ಣಕರುಳಿಗೆ ದಾಟುತ್ತದೆ.

ಕಾಳು ತಿನ್ನುವ ಹಕ್ಕಿಗಳಲ್ಲಿ ಪ್ರೊವೆಂಟ್ರಿಕ್ಯುಲಸ್ ಚಿಕ್ಕದು. ಆಹಾರ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಮ್ಲ ಸುರಿಯುವುದು ಅಲ್ಲಿ, ಅದು ಕೆಲಸ ಮಾಡುವುದು ಹೆಚ್ಚಾಗಿ ಗಿಝಾರ್ಡಿನಲ್ಲಿ. ಅಂದರೆ ನೆನೆಸುವುದು, ಅರೆಯುವುದು ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ. ಆ ಆಮ್ಲದಿಂದ ಗಿಝಾರ್ಡ್ ಸುಟ್ಟುಹೋಗಬಾರದು ಅಂತಲೇ ಅದರ ಒಳಗೆ ಕೊಯ್ಲಿನ್ ಅನ್ನುವ ಗಟ್ಟಿ ಪದರ ಇದೆ.

ಗ್ರಂಥಿಗಳ ರಚನೆಯನ್ನೂ ಗಮನಿಸಿ. ಕೋಳಿಯ ಪ್ರೊವೆಂಟ್ರಿಕ್ಯುಲಸ್ ಸೀಳಿದರೆ ಒಳಗೋಡೆಯ ತುಂಬಾ ಸಣ್ಣ ಸಣ್ಣ ಗುಬುಟು ಕಾಣುತ್ತದೆ. ಒಂದೊಂದರ ತುದಿಯಲ್ಲೂ ಗ್ರಂಥಿಯ ಬಾಯಿ ಇರುತ್ತದೆ. ನಮ್ಮ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಬಗೆಯ ಕೋಶ, ಪೆಪ್ಸಿನೋಜೆನ್ನಿಗೆ (ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಕಿಣ್ವದ ಮೊದಲ ರೂಪ) ಇನ್ನೊಂದು ಬಗೆ. ಹಕ್ಕಿಯಲ್ಲಿ ಹಾಗಲ್ಲ, ಒಂದೇ ಕೋಶ ಎರಡನ್ನೂ ತಯಾರಿಸುತ್ತದೆ! ಗೋಡೆಯನ್ನು ಕಾಯಲು ಮೇಲೆ ಲೋಳೆಯ ಪದರ ಬೇರೆ.

ಆಹಾರ ಬದಲಾದರೆ ಇದರ ಗಾತ್ರವೂ ಬದಲಾಗುತ್ತದೆ. ಮೀನು ತಿನ್ನುವ ಹಕ್ಕಿಗಳಲ್ಲಿ ಇದು ದೊಡ್ಡದು, ಚೆನ್ನಾಗಿ ಹಿಗ್ಗುತ್ತದೆ, ಗಿಝಾರ್ಡ್ ತೆಳು. ಪೆಟ್ರೆಲ್ ಜಾತಿಯ ಬಹುಪಾಲು ಕಡಲಹಕ್ಕಿಗಳು ತಿಂದ ಆಹಾರದ ಎಣ್ಣೆಯನ್ನು ಇದರಲ್ಲೇ ಕೂಡಿಟ್ಟುಕೊಂಡು ದೂರದಿಂದ ಮರಿಗೆ ತರುತ್ತವೆ. ಅದೇ ಗುಂಪಿನ ಫುಲ್ಮರ್ ಹಕ್ಕಿಯ ಮರಿ ಹತ್ತಿರ ಬಂದ ಶತ್ರುವಿನ ಮೇಲೆ ಅದೇ ಎಣ್ಣೆಯನ್ನು ಉಗುಳುತ್ತದೆ.

ಗಿಳಿಗಳಿಗೆ ಬರುವ ಒಂದು ಕಾಯಿಲೆ ಈ ಅಂಗದ ಮಹತ್ವವನ್ನು ಚೆನ್ನಾಗಿ ತೋರಿಸುತ್ತದೆ. ಬೋರ್ನಾ ವೈರಸ್ಸಿನಿಂದ ಬರುತ್ತದೆ, ಆ ವೈರಸ್ ಗೊತ್ತಾದದ್ದು 2008ರಲ್ಲಿ. ಜೀರ್ಣಾಂಗದ ನರಗಳು ಹಾಳಾಗಿ ಪ್ರೊವೆಂಟ್ರಿಕ್ಯುಲಸ್ ಊದಿಕೊಳ್ಳುತ್ತದೆ, ಆಹಾರ ತಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಹಿಕ್ಕೆಯಲ್ಲಿ ಕಾಳು ಹಾಗೇ ಹೊರಬರುತ್ತದೆ, ಹಕ್ಕಿ ತಿಂದೂ ತಿಂದೂ ಸೊರಗುತ್ತದೆ.

ರೆಕ್ಕೆಪುಕ್ಕ:
ಹಿಂದೆ ಮುಂದೆ ಓಡಾಡುವುದು ನಾನು ಓದಿದ ಚಿತ್ರದಲ್ಲಿ ಎಲ್ಲೂ ಇರಲಿಲ್ಲ, ಬಾಣಗಳೆಲ್ಲ ಒಂದೇ ಕಡೆಗೆ ಇದ್ದವು. ಈಗ ಅರ್ಥವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಮಕರಂದ, ರಕ್ತ ಕುಡಿಯುವ ಕೀಟಗಳಿಗೆ ಅರೆಯಲು ಏನೂ ಇಲ್ಲವಲ್ಲ. ಅವುಗಳಿಗೆ ಇದು ಯಾಕೆ ಬೇಕು?

ಹುಳುಹುಪ್ಪಟೆ:
ಅಲ್ಲಿ ಅದು ಕವಾಟ, ಅಂದರೆ ಬಾಗಿಲು. ಜೇನುನೊಣವನ್ನೇ ತೆಗೆದುಕೊಳ್ಳಿ. ಮಕರಂದ ತುಂಬಿದ ಕ್ರಾಪಿಗೂ ನಡುಗರುಳಿಗೂ ಮಧ್ಯೆ 4 ತುಟಿಗಳ ಪ್ರೊವೆಂಟ್ರಿಕ್ಯುಲಸ್ ಇದೆ. ತುಟಿಗಳು ತೆರೆದು ಮುಚ್ಚುತ್ತಾ ಮಕರಂದದಲ್ಲಿ ತೇಲುವ ಪರಾಗದ ಕಣಗಳನ್ನು ಹಿಡಿದು ಹಿಂದಕ್ಕೆ ಕಳಿಸುತ್ತವೆ, ಮಕರಂದ ಮಾತ್ರ ಗೂಡಿಗೆ ಅಂತ ಮುಂದೆಯೇ ಉಳಿಯುತ್ತದೆ. ನೊಣಕ್ಕೇ ಶಕ್ತಿ ಬೇಕಾದಾಗ ಸ್ವಲ್ಪ ಮಕರಂದವನ್ನೂ ಒಳಬಿಡುತ್ತದೆ. ಇರುವೆಯಲ್ಲೂ ಹೀಗೇ, ಗೂಡಿನವರಿಗೆ ಹಂಚಬೇಕಾದ ದ್ರವ ತನ್ನ ಹೊಟ್ಟೆಗೇ ಹೋಗದಂತೆ ಇದು ತಡೆಯುತ್ತದೆ. ಮನೆನೊಣದಂಥ ನೊಣಗಳ ಗುಂಪಿನಲ್ಲಂತೂ ಕೆಲಸವೇ ಬೇರೆ, ನಡುಗರುಳಿನಲ್ಲಿ ಆಹಾರವನ್ನು ಸುತ್ತುವರಿಯುವ ತೆಳುಪೊರೆ ತಯಾರಾಗುವುದು ಇಲ್ಲಿ.

ರಕ್ತ ಹೀರುವವುಗಳಲ್ಲಿ ಚಿಗಟದ ವಿಷಯ ಎಲ್ಲರಿಗೂ ಗೊತ್ತಿರಬೇಕು. ಅದರ ಪ್ರೊವೆಂಟ್ರಿಕ್ಯುಲಸ್ ತುಂಬಾ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಪ್ಲೇಗ್ ಬ್ಯಾಕ್ಟೀರಿಯಾ ಆ ಮುಳ್ಳುಗಳಿಗೆ ಅಂಟಿಕೊಂಡು ಗುಂಪಾಗಿ ಬೆಳೆದು ದಾರಿಯನ್ನೇ ಕಟ್ಟುತ್ತದೆ. ಹೀರಿದ ರಕ್ತ ನಡುಗರುಳಿಗೆ ಇಳಿಯುವುದೇ ಇಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ರಕ್ತ ಆ ಗಂಟಿಗೆ ತಾಗಿ ಬ್ಯಾಕ್ಟೀರಿಯಾ ಸಮೇತ ಗಾಯದೊಳಕ್ಕೆ ವಾಪಸ್ ಹೋಗುತ್ತದೆ. ಬೇಕಾಟ್ ಮತ್ತು ಮಾರ್ಟಿನ್ ಎಂಬ ಸಂಶೋಧಕರು ಇದನ್ನು 1914ರಲ್ಲೇ ವಿವರಿಸಿದ್ದರು.