ಸಹಾಯ ಬೇಕು: ಮಗಳಿಗೆ ಹೊಟ್ಟೆಹುಳುವಿನ ಕಾಟ ಮರುಕಳಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಐದು ವರ್ಷದ ಮಗಳಿಗೆ ರಾತ್ರಿ ಮಲಗಿದ ಮೇಲೆ ಗುದದ್ವಾರದ ಸುತ್ತ ವಿಪರೀತ ತುರಿಕೆಯಾಗುತ್ತಿದ್ದು, ಟಾರ್ಚ್ ಹಿಡಿದು ನೋಡಿದರೆ ಬಿಳಿ ದಾರದ ಚೂರಿನಂತಹ ಹುಳುಗಳು ಹರಿದಾಡುವುದು ಕಾಣುತ್ತದೆ. ಆದರೂ ಮಲಪರೀಕ್ಷೆಯ ವರದಿಯಲ್ಲಿ ಏನೂ ಇಲ್ಲವೆಂದೇ ಬಂದಿತ್ತು. ಈ ಹುಳು ಮೊಟ್ಟೆಯಿಡುವುದು ಹೊರಚರ್ಮದ ಮೇಲಾದ್ದರಿಂದ ಮಲದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ ಎಂದು ವಿವರಿಸಿದ ವೈದ್ಯರು 400 ಮಿ.ಗ್ರಾಂ. ಆಲ್ಬೆಂಡಜೋಲ್ ಕೊಟ್ಟು, ಮಾತ್ರೆಯಿಂದ ಮೊಟ್ಟೆಗಳು ಸಾಯದ ಕಾರಣ 2 ವಾರಗಳ ನಂತರ ಇನ್ನೊಮ್ಮೆ ಕೊಡಲು ಹೇಳಿದರು. ಎರಡೂ ಬಾರಿ ಕೊಟ್ಟಾಯಿತು. ಹಿರಿಯರ ಮಾತಿನಂತೆ ಕುಂಬಳಬೀಜ, ಬೆಳ್ಳುಳ್ಳಿಯನ್ನೂ ಕೊಟ್ಟೆವು. ಕೆಲವು ವಾರ ಶಮನವಾಗಿದ್ದ ತುರಿಕೆ ಈಗ ಪುನಃ ಶುರುವಾಗಿದ್ದು, ಮಗು ನಿದ್ದೆಗೆಟ್ಟು ಅಳುವುದನ್ನು ನೋಡಲಾಗುತ್ತಿಲ್ಲ.

ಉಗುರು ಕತ್ತರಿಸುವುದು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು ತಪ್ಪದೆ ನಡೆದಿದೆ. ಮೊಟ್ಟೆಗಳು ಬಟ್ಟೆಯ ಮೇಲೆ 2ರಿಂದ 3 ವಾರ ಬದುಕಬಲ್ಲವಂತೆ. ಮನೆಯ ಉಳಿದವರಿಗೆ ಯಾವ ತೊಂದರೆಯೂ ಕಾಣದ್ದರಿಂದ ಅವರು ಮಾತ್ರೆ ತೆಗೆದುಕೊಂಡಿಲ್ಲ. ನನ್ನ ಗೊಂದಲವಿರುವುದು ಇಲ್ಲಿಯೇ.

ಲಕ್ಷಣವಿಲ್ಲದಿದ್ದರೂ ಮನೆಮಂದಿಯೆಲ್ಲ ಒಂದೇ ದಿನ ಮಾತ್ರೆ ತೆಗೆದುಕೊಳ್ಳಬೇಕೇ? ಔಷಧದ ಜೊತೆಗೆ ಕುಂಬಳಬೀಜ ಮತ್ತು ಕರುಳಿನ ಆರೋಗ್ಯಕ್ಕೆಂದು ಮೊಸರನ್ನು ಮುಂದುವರಿಸಬಹುದೇ? ಬಲ್ಲವರು, ಅದರಲ್ಲೂ ವೈದ್ಯರು, ದಯವಿಟ್ಟು ತಿಳಿಸಿ.